ಉಮಾಬಾಯಿ ಕುಂದಾಪುರ

ಉಮಾಬಾಯಿ ಕುಂದಾಪುರ (1892–1992) ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದ ಸ್ವಾತಂತ್ರ್ಯ ಹೋರಾಟಗಾರ್ತಿ ಹಾಗೂ ಸಮಾಜಸೇವಕಿ. ಇವರು ಭಗಿನಿ ಮಂಡಳವನ್ನು ಸ್ಥಾಪಿಸಿದರು ಮತ್ತು ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದರು. ವಿಧವೆಯರು ಸಾರ್ವಜನಿಕ ಜೀವನದಿಂದ ದೂರವಿರಬೇಕೆಂಬ ಕಟ್ಟುಪಾಡು ಬಲವಾಗಿದ್ದ ಕಾಲದಲ್ಲಿ, ಸ್ವತಃ ವಿಧವೆಯಾಗಿದ್ದ ಇವರು ಮಹಿಳೆಯರನ್ನು ಶಿಕ್ಷಣಕ್ಕೂ ಸಂಘಟಿತ ದುಡಿಮೆಗೂ ಕರೆತಂದರು.

ಜನನ ಮತ್ತು ಶಿಕ್ಷಣ

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತವರಿನ ಹೆಸರು ಭವಾನಿ ಗೋಳಿಕೇರಿ. ಎಳೆಯ ವಯಸ್ಸಿನಲ್ಲೇ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಯಿತು. ಸುಧಾರಣಾವಾದಿಯಾಗಿದ್ದ ಮಾವ ಆನಂದರಾವ್ ಕುಂದಾಪುರ ಅವರು ಸೊಸೆಯ ಓದನ್ನು ಮುಂದುವರಿಸಿದರು. ಉಮಾಬಾಯಿಯವರು ಮ್ಯಾಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾದದ್ದು ಮದುವೆಯ ನಂತರ. ಮುಂಬಯಿಯಲ್ಲಿ ಮಹಿಳಾ ಸಮಾಜದ ಮೂಲಕ ಇತರ ಸ್ತ್ರೀಯರಿಗೂ ಪಾಠ ಹೇಳಿದರು. ಪತಿ ಕ್ಷಯರೋಗದಿಂದ ನಿಧನರಾದ ಮೇಲೆ ಮಾವನೊಂದಿಗೆ ಹುಬ್ಬಳ್ಳಿಗೆ ಬಂದು ನೆಲೆಸಿದರು.

ಹುಬ್ಬಳ್ಳಿಯಲ್ಲಿನ ಕಾರ್ಯ

ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳದ ಕೆಲಸದ ಜೊತೆಗೆ ತಿಲಕ್ ಕನ್ಯಾ ಶಾಲೆಯ ಹೊಣೆಯನ್ನೂ ವಹಿಸಿಕೊಂಡರು. ಡಾ. ನಾ. ಸು. ಹರ್ಡೀಕರ್ ಅವರು 1923ರಲ್ಲಿ ಆರಂಭಿಸಿದ ಸೇವಾದಳಕ್ಕೆ ಸ್ವಯಂಸೇವಕಿಯರನ್ನು ಸೇರಿಸಲು ಮನೆಮನೆಗೆ ಹೋದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಇವರು ಒಗ್ಗೂಡಿಸಿದ ನೂರಕ್ಕೂ ಹೆಚ್ಚು ಮಹಿಳೆಯರು ದುಡಿದರು. ಅವರಲ್ಲಿ ವಿಧವೆಯರೂ ಇದ್ದರು.

ಸೆರೆವಾಸ

ಕಾನೂನುಭಂಗ ಚಳವಳಿಯ ಸಂದರ್ಭದಲ್ಲಿ, 1932ರಲ್ಲಿ, ಉಮಾಬಾಯಿಯವರನ್ನು ಬಂಧಿಸಿ ನಾಲ್ಕು ತಿಂಗಳು ಯರವಡಾ ಜೈಲಿನಲ್ಲಿ ಇರಿಸಲಾಯಿತು. ಆ ಅವಧಿಯಲ್ಲೇ ಮಾವ ತೀರಿಕೊಂಡರು. ಬ್ರಿಟಿಷ್ ಸರ್ಕಾರವು ಶಾಲೆಗೆ ಬೀಗಮುದ್ರೆ ಹಾಕಿ, ಭಗಿನಿ ಮಂಡಳವನ್ನು ಕಾನೂನುಬಾಹಿರವೆಂದು ಸಾರಿತು. ಬಿಡುಗಡೆಯ ನಂತರ ಇವರ ಪುಟ್ಟ ಮನೆ ಸತ್ಯಾಗ್ರಹಿ ಮಹಿಳೆಯರ ಆಶ್ರಯತಾಣವಾಯಿತು. ಸೆರೆಯಿಂದ ಹೊರಬಂದು, ಊರಿಗೆ ಮರಳಲು ಹಣವಿಲ್ಲದವರಿಗೆ ಊಟ, ಬಟ್ಟೆ ಮತ್ತು ದಾರಿಖರ್ಚು ಅಲ್ಲಿ ದೊರೆಯುತ್ತಿತ್ತು. 1934ರ ಬಿಹಾರ ಭೂಕಂಪದ ಸಂತ್ರಸ್ತರ ಶಿಬಿರಗಳಲ್ಲಿಯೂ ಇವರು ಸೇವೆ ಸಲ್ಲಿಸಿದರು.

ಕಸ್ತೂರಬಾ ಟ್ರಸ್ಟ್

1946ರಲ್ಲಿ ಗಾಂಧೀಜಿಯವರು ಇವರನ್ನು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಪ್ರತಿನಿಧಿಯನ್ನಾಗಿ ನೇಮಿಸಿದರು. ಗ್ರಾಮೀಣ ಮಹಿಳೆಯರಿಗೆ ಶಿಕ್ಷಣ ಹಾಗೂ ಆರೋಗ್ಯ ಸೇವೆಯ ತರಬೇತಿ ನೀಡಿ ಗ್ರಾಮಸೇವಿಕೆಯರನ್ನಾಗಿ ರೂಪಿಸುವುದು ಟ್ರಸ್ಟಿನ ಕೆಲಸವಾಗಿತ್ತು. ಹಣದ ಕೊರತೆಯನ್ನು ನೀಗಿಸಲು ಇವರು ಮುಷ್ಟಿ ನಿಧಿಯನ್ನು ಆರಂಭಿಸಿದರು: ಪ್ರತಿ ಗೃಹಿಣಿಯೂ ದಿನಕ್ಕೊಂದು ಹಿಡಿ ಧಾನ್ಯವನ್ನು ತೆಗೆದಿಡುವುದು ಇದರ ಕ್ರಮ. ಕೈಯಲ್ಲಿ ಸ್ವಂತ ಹಣವಿಲ್ಲದ ಮಹಿಳೆಯರೂ ಹೀಗೆ ದಾನಿಗಳಾದರು.

ಕೊನೆಯ ದಿನಗಳು

ಸ್ವಾತಂತ್ರ್ಯಾನಂತರ ಉಮಾಬಾಯಿಯವರು ಅಧಿಕಾರವನ್ನು ಬಯಸಲಿಲ್ಲ. ಪಿಂಚಣಿ ಮತ್ತು ಪ್ರಶಸ್ತಿಗಳನ್ನು ನಿರಾಕರಿಸಿದರು. ಮಾವನ ನೆನಪಿನ ‘ಆನಂದ ಸ್ಮೃತಿ’ ಎಂಬ ಚಿಕ್ಕ ಮನೆಯಲ್ಲಿ ಸರಳವಾಗಿ ಬದುಕಿ, 1992ರಲ್ಲಿ ನಿಧನರಾದರು.