ಹಸ್ತಲಾಘವದ ಸಮ್ಮೋಹನ

ಅಪರಿಚಿತನೊಬ್ಬ ಕೈ ಮುಟ್ಟಿ ಮಾತನಾಡಿಸಿದ, ಆಮೇಲೆ ನಡೆದದ್ದೊಂದೂ ನೆನಪಿಲ್ಲ ಎಂಬ ಬಗೆಯ ಕಥೆಗಳು ಕಂಪ್ಲಿ ಸೀಮೆಯ ಎಮ್ಮಿಗನೂರಿನವರಿಗೂ ಹೊಸತಲ್ಲ, ಬೆಂಗಳೂರಿನ ಬಡಾವಣೆಗಳವರಿಗೂ ಹೊಸತಲ್ಲ. ಇಂಥದ್ದಕ್ಕೆ ನಾವು ಮಂಕುಬೂದಿ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಬೂದಿಯ ಹಂಗಿಲ್ಲದೆ, ಬರಿಯ ಕೈಕುಲುಕಿನಿಂದ ಎದುರಿನವರನ್ನು ಸಮ್ಮೋಹನಕ್ಕೆ ಒಯ್ಯಬಲ್ಲವನೆಂದು ಖ್ಯಾತನಾದ ವೈದ್ಯನೊಬ್ಬ ಅಮೆರಿಕದಲ್ಲಿದ್ದ. ಅವನ ಹೆಸರು ಮಿಲ್ಟನ್ ಎರಿಕ್ಸನ್. ಆ ವಿದ್ಯೆ ಅವನಿಗೆ ಒಲಿದದ್ದು ಹೇಗೆಂದು ತಿಳಿದರೆ ಮಂಕುಬೂದಿಯ ಭಯವೂ ಕೊಂಚ ತಿಳಿಯಾದೀತು.

ನೆವಾಡ ರಾಜ್ಯದಲ್ಲಿ 1901ರ ಡಿಸೆಂಬರ್ 5ರಂದು ಹುಟ್ಟಿದ ಎರಿಕ್ಸನ್ ಬೆಳೆದದ್ದು ವಿಸ್ಕಾನ್ಸಿನ್ನಿನ ಹೊಲಮನೆಯಲ್ಲಿ. ಮಂಜಿನ ದಿನವೊಂದರಲ್ಲಿ ಅವನ ತಂದೆ ಕರುವೊಂದನ್ನು ಕೊಟ್ಟಿಗೆಯೊಳಕ್ಕೆ ಎಷ್ಟೇ ಎಳೆದರೂ ಅದು ಕಾಲೂರಿ ನಿಂತಿತ್ತು. ಹುಡುಗ ಹಿಂದಿನಿಂದ ಹೋಗಿ ಅದರ ಬಾಲ ಹಿಡಿದು ಹೊರಕ್ಕೆಳೆದ. ಕರು ಅವನ ವಿರುದ್ಧ ಜಗ್ಗಾಡುತ್ತ ಅಪ್ಪನನ್ನೂ ಎಳೆದುಕೊಂಡು ಒಳಗೆ ನುಗ್ಗಿತು. ದನ ಸಾಕಿದ ಯಾವ ಎಮ್ಮಿಗನೂರಿನ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಿನವರ ಹಟವನ್ನೇ ಬಳಸಿಕೊಳ್ಳುವ ಈ ಉಪಾಯ ಮುಂದೆ ಅವನ ಚಿಕಿತ್ಸೆಯ ಬುನಾದಿಯಾಯಿತು.

1919ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಅವನಿಗೆ ಪೋಲಿಯೊ ತಗುಲಿತು. ಹುಡುಗ ಬೆಳಗಿನವರೆಗೆ ಉಳಿಯುವುದಿಲ್ಲವೆಂದು ಪಕ್ಕದ ಕೋಣೆಯಲ್ಲಿ ವೈದ್ಯರು ತಾಯಿಗೆ ಹೇಳಿದ್ದು ಅವನ ಕಿವಿಗೂ ಬಿತ್ತು. ಆಗ ಅವನು ಮಾಡಿದ್ದೇನೆಂದರೆ, ಸೂರ್ಯಾಸ್ತ ಕಾಣುವಂತೆ ಕೋಣೆಯ ಪೀಠೋಪಕರಣವನ್ನು ಸರಿಸಲು ತಾಯಿಗೆ ಸನ್ನೆ ಮಾಡಿದ್ದು. ಅವನು ಬದುಕಿದ. ಆದರೆ ಕಣ್ಣು, ಮಾತುಗಳ ಹೊರತು ದೇಹವೆಲ್ಲ ಸ್ತಬ್ಧವಾಗಿತ್ತು. ತಿಂಗಳುಗಟ್ಟಲೆ ಮಲಗಿದ್ದವನಿಗೆ ಮನೆಮಂದಿಯನ್ನು ನೋಡುವುದೇ ಕೆಲಸ. ಅಕ್ಕತಂಗಿಯರು ಹೌದೆನ್ನುವಾಗಲೇ ಅವರ ಮೈ ಇಲ್ಲವೆನ್ನುವುದನ್ನು ಅವನು ಗಮನಿಸಿದ. ಪುಟ್ಟ ತಂಗಿ ನಡೆಯಲು ಕಲಿಯುತ್ತಿದ್ದಾಗ ಅವಳ ಹೆಜ್ಜೆಯನ್ನು ನೋಡಿ ತಾನೂ ನಡಿಗೆಯನ್ನು ಮೊದಲಿನಿಂದ ಕಲಿತ. 1922ರಲ್ಲಿ, ಇನ್ನೂ ಊರುಗೋಲು ಬೇಕಿದ್ದಾಗಲೇ, ದೋಣಿಯೇರಿ ಸಾವಿರ ಮೈಲಿಗೂ ಮಿಕ್ಕ ನದೀಯಾನ ಮುಗಿಸಿ ಬಂದ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕ್ಲಾರ್ಕ್ ಹಲ್ ಎಂಬ ಮನೋವಿಜ್ಞಾನಿಯ ಬಳಿ ಸಮ್ಮೋಹನದ ಅಧ್ಯಯನ ಆರಂಭವಾಯಿತು. ಇದೇ ಹೊತ್ತಿನ ಒಂದು ಪ್ರಸಂಗ. ಗಾಳಿ ಬೀಸುತ್ತಿದ್ದ ದಿನ ಕಟ್ಟಡದ ಮೂಲೆಯಲ್ಲಿ ರಭಸದಿಂದ ಬಂದವನೊಬ್ಬ ಎರಿಕ್ಸನ್‌ಗೆ ಡಿಕ್ಕಿ ಹೊಡೆದ. ಆತ ಬಾಯಿ ತೆರೆಯುವ ಮುನ್ನವೇ ಎರಿಕ್ಸನ್ ಗಡಿಯಾರ ನೋಡಿ, ಸಮಯ ಕೇಳಿದವನಿಗೆ ಉತ್ತರಿಸುವಂತೆ, ಎರಡಕ್ಕೆ ಹತ್ತು ನಿಮಿಷ ಎಂದು ವಿನಯದಿಂದ ತಿಳಿಸಿ ಮುಂದೆ ನಡೆದ. ನಿಜಕ್ಕೂ ಆಗ ನಾಲ್ಕರ ಹತ್ತಿರವಾಗಿತ್ತು. ಕೊಂಚ ದೂರ ಹೋಗಿ ತಿರುಗಿ ನೋಡಿದರೆ ಆ ಮನುಷ್ಯ ಇನ್ನೂ ತಬ್ಬಿಬ್ಬಾಗಿ ನಿಂತಿದ್ದ. ರೂಢಿಯ ನಡವಳಿಕೆ ನಡುವೆ ಕಡಿದರೆ ಮನಸ್ಸು ಕ್ಷಣಕಾಲ ದಾರಿ ಕಾಣದೆ ನಿಲ್ಲುತ್ತದೆ, ಆಗ ಸಿಕ್ಕಿದ ಸೂಚನೆಯನ್ನು ಆತುಕೊಳ್ಳುತ್ತದೆ ಎಂಬ ಪಾಠ ಅವನಿಗಿಲ್ಲಿ ದೊರೆಯಿತು.

ಹಸ್ತಲಾಘವದ ತಂತ್ರ ಇದರದೇ ಮುಂದುವರಿಕೆ. ಅವನು ಎಲ್ಲರಂತೆ ಕೈ ನೀಡುತ್ತಿದ್ದ. ಬಿಡುವಾಗ ಮಾತ್ರ ಪೂರ್ತಿ ಬಿಡುತ್ತಿರಲಿಲ್ಲ. ಹೆಬ್ಬೆರಳು ಕೊಂಚ ತಡೆಯುತ್ತಿತ್ತು, ಕಿರುಬೆರಳು ಹಿಂಜರಿಯುತ್ತ ಸರಿಯುತ್ತಿತ್ತು, ನಡುಬೆರಳು ಸೋಕಿತೋ ಇಲ್ಲವೋ ಎಂಬಂತೆ ಸೋಕುತ್ತಿತ್ತು. ದೃಷ್ಟಿ ಎದುರಿನವರ ಮುಖ ದಾಟಿ ಎಲ್ಲೋ ನೆಟ್ಟಿರುತ್ತಿತ್ತು. ಕೈ ಯಾವಾಗ ಬಿಡುಗಡೆಯಾಯಿತೆಂದು ತಿಳಿಯದೆ ಅವರು ಆ ಸ್ಪರ್ಶದಲ್ಲೇ ಮಗ್ನರಾದಾಗ, ಚಾಚಿದ ಕೈ ಚಾಚಿದಂತೆಯೇ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಸ್ಪಂದನ ಕಾಣದಿದ್ದರೆ ಅದೊಂದು ಸಾಮಾನ್ಯ ಕೈಕುಲುಕಾಗಿ ಮುಗಿಯುತ್ತಿತ್ತು. ಹಸ್ತಲಾಘವವೆಂಬ ನಮ್ಮ ಪದಕ್ಕೆ ಸಂಸ್ಕೃತದಲ್ಲಿ ಕೈಚಳಕವೆಂಬ ಅರ್ಥವೂ ಇದೆ. ಈತನ ಮಟ್ಟಿಗೆ ಎರಡೂ ಒಂದೇ ಆಗಿದ್ದವು. 1959ರಲ್ಲಿ ಮೆಕ್ಸಿಕೊ ನಗರದಲ್ಲಿ ಇಂಗ್ಲಿಷ್ ಬಾರದ ದಾದಿಯೊಬ್ಬಳನ್ನು, ಸ್ಪ್ಯಾನಿಷ್ ಬಾರದ ಎರಿಕ್ಸನ್ ಮಾತೇ ಇಲ್ಲದೆ, ಸ್ಪರ್ಶ ಮತ್ತು ಸನ್ನೆಗಳಿಂದ ಸಮ್ಮೋಹನಕ್ಕೆ ಒಯ್ದ. ಇದನ್ನು ಅವನೇ 1964ರಲ್ಲಿ ಬರೆದು ಪ್ರಕಟಿಸಿದ.

ಇಲ್ಲೊಂದು ಎಚ್ಚರ ಬೇಕು. ಅವನ ಬಳಿ ಬಂದವರು ಬಹುಪಾಲು ರೋಗಿಗಳು, ಶಿಷ್ಯರು. ಏನೋ ಆಗಲಿದೆ ಎಂಬ ನಿರೀಕ್ಷೆಯನ್ನು ಹೊತ್ತೇ ಬಂದವರು. ಬಲವಿದ್ದದ್ದು ಬೆರಳಿನಲ್ಲಷ್ಟೇ ಅಲ್ಲ. ಗೋವೆಯಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬ್ಬೆ ಫಾರಿಯಾ, ಸಮ್ಮೋಹನದ ಶಕ್ತಿ ಮಾಡುವವನಲ್ಲಿಲ್ಲ, ಒಳಗಾಗುವವನ ಮನಸ್ಸಿನಲ್ಲಿದೆ ಎಂದು ಪ್ಯಾರಿಸ್ಸಿನಲ್ಲಿ ಎಂದೋ ಸಾರಿದ್ದ. ಹಾಗಿದ್ದೂ ಕೇಳದೆ ಒಬ್ಬರ ಮನಸ್ಸಿನೊಳಗೆ ಕಾಲಿಡುವುದು ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಸಹೋದ್ಯೋಗಿಗಳೇ ಕೆಲವರು ಅವನಿಗೆ ಕೈ ನೀಡಲು ಅಳುಕುತ್ತಿದ್ದರಂತೆ. ನನಗಂತೂ ಆ ಅಳುಕು ನ್ಯಾಯವೆನಿಸುತ್ತದೆ. ಚಿಕಿತ್ಸೆಗೆಂದು ಬಂದವರ ಒಪ್ಪಿಗೆ ಬೇರೆ, ಓಣಿಯಲ್ಲಿ ಎದುರಾದವರ ಮೌನ ಬೇರೆ. 1970ರ ದಶಕದಲ್ಲಿ ಬ್ಯಾಂಡ್ಲರ್ ಮತ್ತು ಗ್ರೈಂಡರ್ ಇವನ ಮಾತಿನ ವರಸೆಗಳನ್ನು ವಿಂಗಡಿಸಿ ಸೂತ್ರಗಳಾಗಿಸಿದರು. ಆ ಸೂತ್ರಗಳು ಮಾರಾಟಗಾರರ ತರಬೇತಿಗೂ ಹರಿದಾಗ ಈ ಭೇದ ಇನ್ನಷ್ಟು ಮಸುಕಾಯಿತು.

1948ರಲ್ಲಿ ಅರಿಜೋನದ ಫೀನಿಕ್ಸ್‌ಗೆ ಬಂದ ಎರಿಕ್ಸನ್, 1957ರಲ್ಲಿ ಅಮೆರಿಕದ ವೈದ್ಯಕೀಯ ಸಮ್ಮೋಹನ ಸಂಘದ ಸ್ಥಾಪಕ ಅಧ್ಯಕ್ಷನಾದ. ಅಷ್ಟರಲ್ಲಿ ಹಳೆಯ ರೋಗದ ಪರಿಣಾಮಗಳು ಮತ್ತೆ ಕಾಡತೊಡಗಿದ್ದವು. ಕೊನೆಯ ವರ್ಷಗಳನ್ನು ಗಾಲಿಕುರ್ಚಿಯಲ್ಲೇ ಕಳೆದ. ಯಾವ ಕೈಯ ಸ್ಪರ್ಶಕ್ಕೆ ಹೆಸರಾಗಿದ್ದನೋ ಆ ಬಲಗೈಯ ಕಸುವೂ ಕುಂದಿತು. ಆದರೂ ಮನೆಗೆ ಬಂದ ಶಿಷ್ಯರಿಗೆ ಕಥೆ ಹೇಳುತ್ತಲೇ ಪಾಠ ಮಾಡಿದ. 1980ರ ಮಾರ್ಚ್ 25ರಂದು ತೀರಿಕೊಂಡ. ರೋಗಿಗಳನ್ನೂ ಶಿಷ್ಯರನ್ನೂ ಊರ ಪಕ್ಕದ ಬೆಟ್ಟ ಹತ್ತಿ ಬರಲು ಕಳುಹಿಸುವುದು ಅವನ ರೂಢಿಯಾಗಿತ್ತು. ಅವರು ಇಳಿದು ಬರುವವರೆಗೆ ತಾನು ಕುರ್ಚಿಯಲ್ಲಿ ಕಾಯುತ್ತಿದ್ದ.