ಶೂಜಿ ತೆರಯಾಮ

ಶೂಜಿ ತೆರಯಾಮ (ಡಿಸೆಂಬರ್ ೧೦, ೧೯೩೫ – ಮೇ ೪, ೧೯೮೩) ಜಪಾನಿನ ಕವಿ, ನಾಟಕಕಾರ, ರಂಗನಿರ್ದೇಶಕ ಹಾಗೂ ಚಲನಚಿತ್ರ ನಿರ್ದೇಶಕರು. ಪ್ರೇಕ್ಷಕನು ಕುಳಿತಲ್ಲಿಯೇ ಕುಳಿತು ನೋಡುವವನಾಗಿ ಉಳಿಯಬಾರದು ಎಂಬುದು ಅವರ ಕಲೆಯ ಮೂಲ ಆಶಯ. ತಮ್ಮದೇ ನಾಟಕವನ್ನು ಆಧರಿಸಿ ಅವರು ೧೯೭೧ರಲ್ಲಿ ನಿರ್ಮಿಸಿದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವು ವಿವಾದಕ್ಕೂ ಪ್ರಶಂಸೆಗೂ ಪಾತ್ರವಾಯಿತು.

ಬಾಲ್ಯ ಮತ್ತು ಶಿಕ್ಷಣ

ತೆರಯಾಮ ಉತ್ತರ ಜಪಾನಿನ ಅಒಮೊರಿ ಪ್ರಾಂತ್ಯದಲ್ಲಿ ಜನಿಸಿದರು. ಯುದ್ಧಕ್ಕೆ ತೆರಳಿದ್ದ ತಂದೆ ೧೯೪೫ರಲ್ಲಿ ಸೆಲೆಬಿಸ್ ದ್ವೀಪದಲ್ಲಿ ಮರಣ ಹೊಂದಿದರು. ತಾಯಿ ಮಿಸಾವಾದ ಅಮೆರಿಕನ್ ಸೇನಾನೆಲೆಯಲ್ಲಿ ದುಡಿದು, ಬಳಿಕ ಕೆಲಸಕ್ಕಾಗಿ ದೂರದ ಕ್ಯೂಶೂ ದ್ವೀಪಕ್ಕೆ ಹೋದರು. ಬಾಲಕ ಶೂಜಿ ಚಿತ್ರಮಂದಿರ ನಡೆಸುತ್ತಿದ್ದ ಬಂಧುಗಳ ಆಶ್ರಯದಲ್ಲಿ ಬೆಳೆದರು. ತಂದೆಯಿಲ್ಲದ ಮನೆ, ಅಗಲಿಕೆಯಲ್ಲೂ ಬಿಡದ ತಾಯಿಯ ಹಿಡಿತ ಮತ್ತು ಊರು ತೊರೆಯುವ ಹಂಬಲ ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

೧೯೫೪ರಲ್ಲಿ ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯವನ್ನು ಸೇರಿದ ಅವರಿಗೆ ಅದೇ ವರ್ಷ 'ತಾಂಕಾ' ಎಂಬ ಸಾಂಪ್ರದಾಯಿಕ ಕಿರುಗವಿತೆಗಳಿಗಾಗಿ ಹೊಸ ಕವಿಗಳ ಬಹುಮಾನ ದೊರೆಯಿತು. ಅವು ಅನ್ಯರ ಹೈಕುಗಳ ಅನುಕರಣೆ ಎಂಬ ಆರೋಪವೂ ಬೆನ್ನಲ್ಲೇ ಬಂದಿತು. ಮೂತ್ರಪಿಂಡದ ಕಾಯಿಲೆಯಿಂದ ಸುಮಾರು ಮೂರು ವರ್ಷ ಆಸ್ಪತ್ರೆಯಲ್ಲಿದ್ದುದರಿಂದ ವ್ಯಾಸಂಗವು ಅರ್ಧಕ್ಕೇ ನಿಂತಿತು.

ರಂಗಭೂಮಿ

೧೯೬೭ರಲ್ಲಿ ಪತ್ನಿ ಕುಜೊ ಎಯ್ಕೊ, ಚಿತ್ರಕಲಾವಿದ ಯೊಕೊಒ ತಾದಾನೊರಿ ಮೊದಲಾದವರೊಡನೆ 'ತೆಂಜೊ ಸಾಜಿಕಿ' ಎಂಬ ನಾಟಕ ತಂಡವನ್ನು ಕಟ್ಟಿದರು. ೧೯೭೫ರ 'ನಾಕ್' ನಾಟಕವನ್ನು ಟೋಕಿಯೊದ ಬೀದಿಗಳಲ್ಲಿ ಸುಮಾರು ಮೂವತ್ತು ಗಂಟೆಗಳ ಕಾಲ ಆಡಿಸಲಾಯಿತು. ನಾಟಕವೆಂದು ತಿಳಿಯದ ನಿವಾಸಿಗಳು ಕಂಗಾಲಾಗಿ, ಪೊಲೀಸರು ಮಧ್ಯೆ ಬರಬೇಕಾಯಿತು.

ಮೊದಲ ಚಿತ್ರ

'ಪುಸ್ತಕಗಳನ್ನು ಎಸೆಯಿರಿ, ಬೀದಿಗಿಳಿಯಿರಿ' ಎಂಬುದು ೧೯೬೭ರಲ್ಲಿ ಪ್ರಕಟವಾದ ಅವರ ಪ್ರಬಂಧ ಸಂಕಲನದ ಹೆಸರು. ೧೯೬೮ರಲ್ಲಿ ಇದೇ ಹೆಸರಿನ ನಾಟಕ ರಂಗಕ್ಕೆ ಬಂದಿತು. ಅದರಲ್ಲಿ ಹದಿಹರೆಯದ ಹವ್ಯಾಸಿಗಳು ತಾವೇ ಬರೆದ ಕವಿತೆಗಳನ್ನು ಹೇಳುತ್ತಿದ್ದರು. ೧೯೭೧ರ ಚಿತ್ರಕ್ಕೆ ಆರ್ಟ್ ಥಿಯೇಟರ್ ಗಿಲ್ಡ್ ಸಂಸ್ಥೆಯ ನೆರವಿತ್ತು. ಬಡ ಕುಟುಂಬದಲ್ಲಿ ಉಸಿರುಗಟ್ಟಿದ ಯುವಕನೊಬ್ಬನ ಕಥೆಯ ನಡುವೆ ಕನಸುಗಳೂ ಹಾಡುಗಳೂ ಬೀದಿಯ ದೃಶ್ಯಗಳೂ ನುಗ್ಗಿ ಬರುತ್ತವೆ. ಆರಂಭದಲ್ಲಿ ಪರದೆ ಕತ್ತಲಾಗಿಯೇ ಇದ್ದು, ನಾಯಕನು ಸಭಿಕರನ್ನೇ ನೇರವಾಗಿ ಕೆಣಕುತ್ತಾನೆ. ಕೊನೆಯಲ್ಲಿ ನಟನು ಪಾತ್ರವನ್ನು ಕಳಚಿಟ್ಟು, ಚಿತ್ರವೆಂಬುದು ದೀಪ ಹೊತ್ತಿದೊಡನೆ ಮಾಯವಾಗುವ ನೆರಳೆಂಬುದನ್ನು ನೆನಪಿಸುತ್ತಾನೆ. ಲೈಂಗಿಕ ದೃಶ್ಯಗಳು ಮತ್ತು ಅಮೆರಿಕದ ಧ್ವಜ ಸುಡುವ ದೃಶ್ಯ ವಿವಾದಕ್ಕೆ ಎಡೆಮಾಡಿದವು. ಅದೇ ವರ್ಷ ಇಟಲಿಯ ಸ್ಯಾನ್ ರೆಮೊ ಚಲನಚಿತ್ರೋತ್ಸವದಲ್ಲಿ ಚಿತ್ರವು ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು.

ಕೊನೆಯ ವರ್ಷಗಳು

ತಮ್ಮದೇ ಬಾಲ್ಯವನ್ನು ತಿದ್ದಿ ಬರೆಯಲು ಯತ್ನಿಸುವ ನಿರ್ದೇಶಕನೊಬ್ಬನ ಕಥೆಯಾದ 'ಹಳ್ಳಿಯಲ್ಲಿ ಸಾವು' (೧೯೭೪) ಅವರ ಮತ್ತೊಂದು ಪ್ರಸಿದ್ಧ ಚಿತ್ರ. ತೆರಯಾಮ ತಮ್ಮ ೪೭ನೆಯ ವಯಸ್ಸಿನಲ್ಲಿ ಟೋಕಿಯೊದಲ್ಲಿ ನಿಧನರಾದರು. ಕೊನೆಯ ಚಿತ್ರವು ಮರಣಾನಂತರ ೧೯೮೪ರಲ್ಲಿ ತೆರೆಕಂಡಿತು. ೧೯೯೭ರಲ್ಲಿ ಅವರ ಸ್ಮಾರಕ ವಸ್ತುಸಂಗ್ರಹಾಲಯವು ಬಾಲ್ಯದ ಊರಾದ ಮಿಸಾವಾದಲ್ಲಿ ಆರಂಭವಾಯಿತು.