ಪಬ್‌ಮೆಡ್‌ನಲ್ಲಿದೆ ಎಂದರೆ ಸಾಬೀತಾಗಿದೆ ಎಂದರ್ಥವೇ? ಜಾನ್ ಶಾ ಬಿಲ್ಲಿಂಗ್ಸ್ ಬದುಕಿನಲ್ಲಿದೆ ಉತ್ತರ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂತಹ ಮೆಸೇಜ್ ಬಂದಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಯಾವುದೋ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾಯ, ಅಮೆರಿಕ ಸರ್ಕಾರವೇ ಇದನ್ನು ಒಪ್ಪಿದೆ, ಬೇಕಾದರೆ ಲಿಂಕ್ ನೋಡಿ ಎಂದು ಬರೆದಿರುತ್ತದೆ. ಲಿಂಕ್ ಒತ್ತಿದರೆ ನಿಜಕ್ಕೂ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಬ್‌ಮೆಡ್ ಪುಟ ತೆರೆದುಕೊಳ್ಳುತ್ತದೆ. ಲೇಖಕರ ಹೆಸರು, ಜರ್ನಲ್ ಹೆಸರು, ವರ್ಷ, ಪುಟ ಸಂಖ್ಯೆ ಎಲ್ಲವೂ ಅಲ್ಲಿರುತ್ತವೆ. ಇಷ್ಟೆಲ್ಲ ಇದ್ದ ಮೇಲೆ ಸುಳ್ಳಾಗುವುದುಂಟೇ ಎಂದುಕೊಂಡು ನಾವು ಮುಂದಕ್ಕೆ ಕಳಿಸಿಬಿಡುತ್ತೇವೆ.

ಆ ಪುಟ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಇದು ಅರ್ಥವಾಗಬೇಕಾದರೆ ಸುಮಾರು 150 ವರ್ಷಗಳ ಹಿಂದೆ ಇದಕ್ಕೆ ಅಡಿಪಾಯ ಹಾಕಿದ ಜಾನ್ ಶಾ ಬಿಲ್ಲಿಂಗ್ಸ್ ಅವರ ಕಥೆ ತಿಳಿಯಬೇಕು.

ಬಿಲ್ಲಿಂಗ್ಸ್ ಹುಟ್ಟಿದ್ದು 1838ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಗ್ರಾಮೀಣ ಭಾಗದಲ್ಲಿ. ಮನೆಯಲ್ಲಿ ಹಣದ ಅನುಕೂಲ ಇರಲಿಲ್ಲ. ಸಿನ್ಸಿನಾಟಿಯಲ್ಲಿ ವೈದ್ಯಕೀಯ ಓದುವಾಗ ಒಂದು ಚಳಿಗಾಲವನ್ನು ಅವರು ವಾರಕ್ಕೆ ಮುಕ್ಕಾಲು ಡಾಲರ್ ಖರ್ಚಿನಲ್ಲಿ, ಬಹುಪಾಲು ಹಾಲು ಮೊಟ್ಟೆಯಲ್ಲೇ ಕಳೆದರಂತೆ. 1860ರಲ್ಲಿ ಪದವಿಗಾಗಿ ಪ್ರಬಂಧ ಬರೆಯಬೇಕಾಯಿತು. ಅವರು ಆರಿಸಿಕೊಂಡ ವಿಷಯ ಮೂರ್ಛೆರೋಗಕ್ಕೆ ಮಾಡುವ ಶಸ್ತ್ರಚಿಕಿತ್ಸೆ. ಅವರಿಗೆ ಬೇಕಿದ್ದದ್ದು ಒಂದು ಸರಳ ಲೆಕ್ಕ: ಈವರೆಗೆ ಎಷ್ಟು ಜನರಿಗೆ ಈ ಶಸ್ತ್ರಚಿಕಿತ್ಸೆ ಮಾಡಿದ್ದಾರೆ, ಅವರಲ್ಲಿ ಎಷ್ಟು ಜನರಿಗೆ ಗುಣವಾಗಿದೆ?

ಆ ಲೆಕ್ಕ ಒಂದೇ ಕಡೆ ಇರಲಿಲ್ಲ. ನೂರಾರು ಪುಸ್ತಕ, ಜರ್ನಲ್‌ಗಳಲ್ಲಿ ಚೂರುಚೂರಾಗಿ ಹರಡಿಕೊಂಡಿತ್ತು. ಸಿನ್ಸಿನಾಟಿಯ ಗ್ರಂಥಾಲಯಗಳಲ್ಲಿ ಅವು ಸಿಗಲಿಲ್ಲ. ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಲ್ಲಿ ವಿಚಾರಿಸಿದರೂ ಪೂರ್ತಿಯಾಗಿ ಸಿಗಲಿಲ್ಲ. ಯಾರು, ಯಾವ ಪತ್ರಿಕೆಯಲ್ಲಿ, ಯಾವ ಪುಟದಲ್ಲಿ ಏನು ಬರೆದಿದ್ದಾರೆ ಎಂದು ತೋರಿಸುವ ಪಟ್ಟಿಯೇ ಇಲ್ಲದ ಮೇಲೆ, ಒಬ್ಬ ವೈದ್ಯನ ಅನುಭವ ಇನ್ನೊಬ್ಬ ವೈದ್ಯನ ರೋಗಿಗೆ ದಕ್ಕುವುದು ಹೇಗೆ?

ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಬಿಲ್ಲಿಂಗ್ಸ್ ಸೇನಾ ವೈದ್ಯರಾಗಿ ಗೆಟ್ಟಿಸ್‌ಬರ್ಗ್‌ನಂತಹ ಭೀಕರ ಕಾಳಗಗಳ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಯುದ್ಧ ಮುಗಿದ ಮೇಲೆ ವಾಷಿಂಗ್ಟನ್‌ನಲ್ಲಿ ಸೇನೆಯ ಸರ್ಜನ್ ಜನರಲ್ ಕಚೇರಿಯ ಪುಟ್ಟ ಗ್ರಂಥಾಲಯ ಅವರ ಕೈಗೆ ಬಂತು. ಅದನ್ನು ಫೋರ್ಡ್ಸ್ ಥಿಯೇಟರ್ ಕಟ್ಟಡಕ್ಕೆ ಸಾಗಿಸಲಾಯಿತು. ಹೌದು, 1865ರಲ್ಲಿ ಅಧ್ಯಕ್ಷ ಲಿಂಕನ್ ಅವರಿಗೆ ಗುಂಡು ಹಾರಿಸಿದ್ದು ಅದೇ ಕಟ್ಟಡದಲ್ಲಿ.

ಯುದ್ಧಕಾಲದ ಆಸ್ಪತ್ರೆಗಳನ್ನು ಮುಚ್ಚಿದಾಗ ಉಳಿದಿದ್ದ ಸುಮಾರು 80,000 ಡಾಲರ್ ಗ್ರಂಥಾಲಯಕ್ಕೆ ಸಿಕ್ಕಿತು. ಆ ಹಣದಲ್ಲಿ ಬಿಲ್ಲಿಂಗ್ಸ್ ಪುಸ್ತಕ ಕೊಂಡರು. ವೈದ್ಯರಿಗೆ, ಸಂಪಾದಕರಿಗೆ ಪತ್ರ ಬರೆದು ಹಳೆಯ ಜರ್ನಲ್‌ಗಳನ್ನು ಕೇಳಿ ತರಿಸಿಕೊಂಡರು. ಎರಡೆರಡು ಪ್ರತಿ ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ಪಡೆದರು. 1895ರಲ್ಲಿ ಅವರು ಅಲ್ಲಿಂದ ಹೊರಡುವ ಹೊತ್ತಿಗೆ ಸಂಗ್ರಹ ಒಂದು ಲಕ್ಷ ಸಂಪುಟಗಳನ್ನು ದಾಟಿತ್ತು.

ಆದರೆ ಪುಸ್ತಕ ರಾಶಿ ಹಾಕಿದರೆ ಸಾಕೇ? ಒಳಗೆ ಏನಿದೆ ಎಂದು ಗೊತ್ತಾಗಬೇಕಲ್ಲ! ಬಿಲ್ಲಿಂಗ್ಸ್ ಸಂಜೆ ಜರ್ನಲ್‌ಗಳನ್ನು ಮನೆಗೆ ಒಯ್ದು, ಪಟ್ಟಿಗೆ ಸೇರಬೇಕಾದ ಲೇಖನಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಗುಮಾಸ್ತರು ಅವನ್ನು ಕಾರ್ಡುಗಳ ಮೇಲೆ ಬರೆಯುತ್ತಿದ್ದರು: ಲೇಖಕ, ಶೀರ್ಷಿಕೆ, ಜರ್ನಲ್‌ನ ಚುಟುಕು ಹೆಸರು, ವರ್ಷ, ಸಂಪುಟ, ಪುಟ. 1879ರಲ್ಲಿ ಬಿಲ್ಲಿಂಗ್ಸ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಫ್ಲೆಚರ್ ಹೊಸ ವೈದ್ಯಕೀಯ ಬರಹಗಳ ಪಟ್ಟಿಯನ್ನು ಪ್ರತಿ ತಿಂಗಳು ಕೊಡುವ ಇಂಡೆಕ್ಸ್ ಮೆಡಿಕಸ್ ಆರಂಭಿಸಿದರು. ಮರುವರ್ಷ ಇಡೀ ಗ್ರಂಥಾಲಯದ ಇಂಡೆಕ್ಸ್ ಕ್ಯಾಟಲಾಗ್‌ನ ಮೊದಲ ಸಂಪುಟ ಬಂತು. 1895ರ ಹೊತ್ತಿಗೆ 16 ಸಂಪುಟಗಳ ಮೊದಲ ಸರಣಿ ಮುಗಿಯಿತು.

ಈ ಮನುಷ್ಯ ಅಷ್ಟಕ್ಕೇ ನಿಲ್ಲಲಿಲ್ಲ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿನ್ಯಾಸ ರೂಪಿಸಿದರು. ಜನಗಣತಿಯ ಎಣಿಕೆಯನ್ನು ಯಂತ್ರದಿಂದ ಮಾಡಿಸಬಹುದೆಂಬ ಹೊಳಹನ್ನು ಹರ್ಮನ್ ಹಾಲರಿತ್ ಅವರಿಗೆ ಕೊಟ್ಟರು. ಅವರು ಮಾಡಿದ ರಂಧ್ರದ ಕಾರ್ಡಿನ ಯಂತ್ರ 1890ರ ಜನಗಣತಿಯಲ್ಲಿ ಬಳಕೆಯಾಯಿತು. ಆಮೇಲೆ ಬಿಲ್ಲಿಂಗ್ಸ್ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮೊದಲ ನಿರ್ದೇಶಕರಾದರು. ಚಂದಾದಾರರು ಸಾಲದೆ 1899ರಲ್ಲಿ ಇಂಡೆಕ್ಸ್ ಮೆಡಿಕಸ್ ನಿಂತುಹೋಯಿತು. 1903ರಲ್ಲಿ ವಾಷಿಂಗ್ಟನ್‌ನ ಕಾರ್ನೆಗಿ ಸಂಸ್ಥೆಯ ನೆರವಿನಿಂದ ಅದಕ್ಕೆ ಮತ್ತೆ ಜೀವ ಬಂತು. 1913ರಲ್ಲಿ ಬಿಲ್ಲಿಂಗ್ಸ್ ತೀರಿಕೊಂಡಾಗಲೂ ಅದು ಹೊರಬರುತ್ತಿತ್ತು.

ಅವರ ಗ್ರಂಥಾಲಯವೇ ಇಂದಿನ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. ಆ ಪಟ್ಟಿಯ ಕೆಲಸ ಕಂಪ್ಯೂಟರಿಗೆ ಹೋಯಿತು, ಮುಂದೆ ಪಬ್‌ಮೆಡ್ ಆಗಿ ನಮ್ಮ ಫೋನಿಗೂ ಬಂತು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸೇರಿ, ಪ್ರಬಂಧ ಕಳಿಸುವವರು ಉಲ್ಲೇಖಗಳನ್ನು ಒಂದೇ ಕ್ರಮದಲ್ಲಿ ಬರೆಯಲಿ ಎಂದು ನಿಯಮ ಮಾಡಿದರು. ಕ್ರಮವನ್ನು ಹಾಕಿಕೊಟ್ಟದ್ದು ಇದೇ ಗ್ರಂಥಾಲಯ. ಜರ್ನಲ್ ಹೆಸರನ್ನು ಹೇಗೆ ಚುಟುಕಾಗಿಸಬೇಕು ಎಂಬುದಕ್ಕೆ ಇಂಡೆಕ್ಸ್ ಮೆಡಿಕಸ್ ಆಧಾರವಾಯಿತು. ಪ್ರಬಂಧ ಕಳಿಸಿದವರಿಗೆ ಗೊತ್ತು, ಉಲ್ಲೇಖದ ಕ್ರಮ ಸರಿಯಿಲ್ಲ ಎಂದು ಅದು ವಾಪಸ್ ಬರುವುದುಂಟು. ಕಿರಿಕಿರಿ ಎನಿಸಿದರೂ ಅದಕ್ಕೆ ಕಾರಣವಿದೆ. ಒಂದು ಅಂಕಿ ತಪ್ಪಿದರೆ ಓದುಗ ಬೇರೆ ಪುಟಕ್ಕೆ ಹೋಗುತ್ತಾನೆ.

ಒಂದು ಉದಾಹರಣೆ ನೋಡೋಣ. ಎನ್ ಇಂಗ್ಲ್ ಜೆ ಮೆಡ್. 1980;302(2):123. ಅಂದರೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, 1980ನೇ ವರ್ಷ, 302ನೇ ಸಂಪುಟ, 2ನೇ ಸಂಚಿಕೆ, 123ನೇ ಪುಟ. ವಿಳಾಸ ಸರಿಯಾಗಿಯೇ ಇದೆ. ಅಲ್ಲಿಗೆ ಹೋದರೆ ಸಿಗುವುದು ಸಂಪಾದಕರಿಗೆ ಬರೆದ ಐದು ವಾಕ್ಯಗಳ ಒಂದು ಪತ್ರ. ಆಸ್ಪತ್ರೆಯಲ್ಲಿದ್ದಾಗ ಅಫೀಮು ವರ್ಗದ ನೋವಿನ ಔಷಧ ಪಡೆದ ರೋಗಿಗಳಲ್ಲಿ ಚಟ ಹತ್ತಿದ್ದು ತೀರಾ ವಿರಳ ಎಂದು ಅದು ಹೇಳುತ್ತದೆ. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅದರಲ್ಲಿ ಏನೂ ಇಲ್ಲ. ಆ ಪತ್ರವನ್ನು ಉಲ್ಲೇಖಿಸಿದ 608 ಬರಹಗಳನ್ನು 2017ರಲ್ಲಿ ಪರಿಶೀಲಿಸಿದಾಗ, 491 ಬರಹಗಳು ಅವರು ಆಸ್ಪತ್ರೆಯಲ್ಲಿದ್ದ ರೋಗಿಗಳು ಎಂಬುದನ್ನೇ ಬಿಟ್ಟಿದ್ದವು. ಈ ನಡುವೆ ಅಮೆರಿಕದಲ್ಲಿ ಇಂಥ ಮಾತ್ರೆಗಳ ಚಟಕ್ಕೆ ಸಾವಿರಾರು ಜನ ಬಲಿಯಾಗಿದ್ದರು.

ಉಲ್ಲೇಖ ಎಂದರೆ ವಿಳಾಸ, ಸರ್ಟಿಫಿಕೇಟ್ ಅಲ್ಲ. ಪಬ್‌ಮೆಡ್‌ನಲ್ಲಿ ಲೇಖನ ಇದ್ದ ಮಾತ್ರಕ್ಕೆ ಅಮೆರಿಕ ಸರ್ಕಾರ ಅದನ್ನು ಒಪ್ಪಿದೆ ಎಂದಲ್ಲ. ಇದು ಬಿಲ್ಲಿಂಗ್ಸ್ ಅವರಿಗೂ ಚೆನ್ನಾಗಿ ತಿಳಿದಿತ್ತು. ವೈದ್ಯಕೀಯ ಬರಹಗಳಲ್ಲಿ ಹುರುಳಿಲ್ಲದ್ದೂ ಬೇಕಾದಷ್ಟಿದೆ ಎಂದು ಅವರು 1881ರಲ್ಲಿ ಲಂಡನ್‌ನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲೇ ಹೇಳಿದ್ದರು. ಪಟ್ಟಿ ಇರುವುದು ಹುಡುಕುವುದಕ್ಕೆ, ಓದಿ ತೂಗಿ ನೋಡುವ ಕೆಲಸ ಓದುಗನದೇ.

ಹಾಗಾಗಿ ಮುಂದಿನ ಸಲ ಲಿಂಕ್ ಬಂದಾಗ ಅದನ್ನು ತೆರೆದು ನಾಲ್ಕು ಸಂಗತಿ ನೋಡಿ. ಪ್ರಯೋಗ ನಡೆದದ್ದು ಮನುಷ್ಯರ ಮೇಲೋ, ಇಲಿಗಳ ಮೇಲೋ? ಎಷ್ಟು ಜನರ ಮೇಲೆ? ಕೊನೆಯಲ್ಲಿ ಬರೆದಿರುವುದು ಮೆಸೇಜಿನಲ್ಲಿ ಇರುವುದನ್ನೇ ಹೇಳುತ್ತದೆಯೇ? ಲೇಖನವನ್ನು ಹಿಂಪಡೆಯಲಾಗಿದೆ ಎಂಬ ಸೂಚನೆ ಇದೆಯೇ?

1860ರಲ್ಲಿ ಬಿಲ್ಲಿಂಗ್ಸ್ ಹುಡುಕಿ ಹೊರಟದ್ದು ಎಷ್ಟು ರೋಗಿಗಳಿಗೆ ಗುಣವಾಯಿತು ಎಂಬ ಲೆಕ್ಕವನ್ನು. ಲಿಂಕ್ ತೆರೆದಾಗ ನಾವೂ ಅದನ್ನೇ ಹುಡುಕೋಣ. ಸಿಗದಿದ್ದರೆ ಆ ಮೆಸೇಜ್ ನಮ್ಮ ಫೋನಿನಲ್ಲೇ ನಿಲ್ಲಲಿ.